ಗಡಿಯ ಮೇಲಿನ ಮನುಷ್ಯ, ಪ್ರಮಾಣದ ಹೊರೆ

ನಮಗೆ ಉಂಟಾದ ಒಂದು ಅರಿವನ್ನು ನಿಜವೆಂದು ಯಾವಾಗ ಒಪ್ಪಬೇಕು? ಉಂಟಾದಾಗಲೇ ಒಪ್ಪಿಕೊಂಡು, ಅದು ತಪ್ಪೆಂದು ತೋರಿಸುವ ಕಾರಣ ಎದುರಾದರೆ ಮಾತ್ರ ಕೈಬಿಡಬೇಕೋ, ಇಲ್ಲವೆ ಬೇರೊಂದು ಆಧಾರ ಬಂದು ಎತ್ತಿಹಿಡಿಯುವ ತನಕ ಒಪ್ಪದೆ ಕಾಯಬೇಕೋ? ಕುಮಾರಿಲ ಭಟ್ಟನ ದಾರಿ ಹಿಡಿದ ಮೀಮಾಂಸಕರು ಮೊದಲನೆಯ ಪಕ್ಷದವರು. ಅರಿವಿಗೆ ಪ್ರಾಮಾಣ್ಯ ತಾನಾಗಿಯೇ ಇರುತ್ತದೆ, ಅದು ಸುಳ್ಳೆನ್ನುವುದಕ್ಕೆ ಮಾತ್ರ ಹೊರಗಿನ ಕಾರಣ ಬೇಕು ಎಂದರು. ಇದು ಸ್ವತಃಪ್ರಾಮಾಣ್ಯ. ನೈಯಾಯಿಕರು ಒಪ್ಪಲಿಲ್ಲ, ಪ್ರಾಮಾಣ್ಯವನ್ನೂ ಹೊರಗಿನಿಂದಲೇ ಸಾಧಿಸಬೇಕು ಎಂದರು. ಇದು ಪರತಃಪ್ರಾಮಾಣ್ಯ. ಸಾವಿರ ವರ್ಷ ದಾಟಿದ ಈ ಚರ್ಚೆ ಪಂಡಿತರ ಸಭೆಗೆ ಸೇರಿದ್ದೆಂದು ನಾವು ಬದಿಗಿಟ್ಟಿದ್ದೇವೆ. ಆದರೆ ಸಾಂಗಲಿ ಜಿಲ್ಲೆಯ ಸೇತು ಕೇಂದ್ರದಲ್ಲಿ, ತಲಾಠಿಯ ಚಾವಡಿಯಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ ಕನ್ನಡ ಮನೆಮಾತಿನ ಹುಡುಗನೋ ಹುಡುಗಿಯೋ ರಹಿವಾಸಿ ದಾಖಲೆಗೆ, ಜಾತಿ ದಾಖಲೆಗೆ ಅರ್ಜಿ ಹಿಡಿದು ನಿಂತಾಗಲೆಲ್ಲ ಈ ಚರ್ಚೆಯೇ ಮತ್ತೆ ನಡೆಯುತ್ತದೆ. ‘ನಾನು ಇಲ್ಲಿಯವನು’ ಎಂಬ ಮಾತನ್ನು ನಂಬಿಕೊಂಡು ಪರೀಕ್ಷಿಸಬೇಕೋ, ನಂಬದೆ ಪರೀಕ್ಷಿಸಬೇಕೋ? ಗಡಿಯ ಮೇಲೆ ಬದುಕುವವರ ವಿಷಯದಲ್ಲಿ ಮೀಮಾಂಸಕರ ದಾರಿಯೇ ನ್ಯಾಯದ ದಾರಿ ಎಂದು ನಾನು ನಂಬುತ್ತೇನೆ. ಗೆರೆ ಎಳೆದದ್ದು ರಾಜ್ಯ. ಆ ಗೆರೆಯಿಂದ ಹುಟ್ಟಿದ ಸಂಶಯಕ್ಕೆ ಕಾರಣ ತೋರಿಸುವ ಹೊರೆಯೂ ರಾಜ್ಯದ ಮೇಲೆಯೇ ಇರಬೇಕು.

ಗೆರೆಯ ಚರಿತ್ರೆಯನ್ನು ಬಿಟ್ಟು ಈ ಮಾತನ್ನು ಮುಂದುವರಿಸಲಾಗದು. ಪಟವರ್ಧನರ ಸಾಂಗಲಿ ಸಂಸ್ಥಾನವೆಂದರೆ ಕೃಷ್ಣೆಯ ದಂಡೆಯ ಒಂದು ಪಟ್ಟಣವಲ್ಲ. ಇಂದು ಗದಗ ಜಿಲ್ಲೆಯಲ್ಲಿರುವ ಶಿರಹಟ್ಟಿ, ಬಾಗಲಕೋಟೆ ಜಿಲ್ಲೆಯ ತೇರದಾಳ, ಬೆಳಗಾವಿಗೆ ಅಂಟಿಕೊಂಡ ಶಹಾಪುರ ಎಲ್ಲವೂ ಅದೇ ಸಂಸ್ಥಾನದ ಭಾಗಗಳು. ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನಕ್ಕೂ ಗುಡಗೇರಿ ಕಿರಿಯ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಶಿರಹಟ್ಟಿಯ ಕುಟುಂಬವೊಂದು ನೌಕರಿಗೋ ವ್ಯಾಪಾರಕ್ಕೋ ಸಾಂಗಲಿಗೆ ಹೋದರೆ ಅದು ತನ್ನದೇ ಸಂಸ್ಥಾನದ ರಾಜಧಾನಿಗೆ ಹೋದಂತೆ. 1948ರ ಮಾರ್ಚ್‌ನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮರುವರ್ಷ ದಕ್ಷಿಣ ಸಾತಾರಾ ಎಂಬ ಜಿಲ್ಲೆ ಹುಟ್ಟಿತು. ಅದಕ್ಕೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಡಫಳೆ ಮನೆತನ ಆಳುತ್ತಿದ್ದ ಜತ್ತ ಸಂಸ್ಥಾನವೂ ಇದೇ ಜಿಲ್ಲೆಗೆ ಬಂತು. 1956ರ ನವೆಂಬರ್ 1ರವರೆಗೆ ಮಿರಜ, ಅಥಣಿ, ಜತ್ತ, ವಿಜಾಪುರ, ಧಾರವಾಡ ಎಲ್ಲಕ್ಕೂ ಸರ್ಕಾರ ಒಂದೇ. ಆ ದಿನಗಳಲ್ಲಿ ಸಾಂಗಲಿಯ ವಿಲಿಂಗ್ಡನ್ ಕಾಲೇಜು ಕನ್ನಡ ವಿದ್ವತ್ತಿನ ದೊಡ್ಡ ನೆಲೆಗಳಲ್ಲೊಂದಾಗಿತ್ತು. ರಂ.ಶ್ರೀ. ಮುಗಳಿ ಅಲ್ಲಿ ಕನ್ನಡ ಕಲಿಸಿದರು, ವಿ.ಕೃ. ಗೋಕಾಕರು ಅಲ್ಲಿ ಪ್ರಿನ್ಸಿಪಾಲರಾಗಿದ್ದರು. ಮಲ್ಲಿಕಾರ್ಜುನ ಮನಸೂರರಿಗೆ ಸಂಗೀತ ಹೇಳಿಕೊಟ್ಟ ನೀಲಕಂಠಬುವಾ ಮಿರಜದವರು. ಇವರಲ್ಲಿ ಯಾರೂ ಹೊರನಾಡಿಗೆ ಹೋದವರಲ್ಲ. ಹೊರನಾಡು ಆಮೇಲೆ ಬಂತು. ಗಡಿ ವ್ಯಾಜ್ಯವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರ ತನ್ನ ವರದಿಯಲ್ಲಿ ಜತ್ತ ತಾಲೂಕಿನ 44 ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತು. ಆ ವರದಿ ಜಾರಿಯಾಗಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಊರು ಯಾರದೆಂಬ ವ್ಯಾಜ್ಯ ಹಾಗೇ ಇದೆ. ನನ್ನ ವಿಷಯ ಅದಲ್ಲ. ಊರು ಯಾವ ಕಡೆ ಉಳಿದರೂ ಅಲ್ಲಿನ ಮನುಷ್ಯನ ಕೈಯಲ್ಲಿರುವ ಕಾಗದಗಳಿಗೆ ಏನಾಗುತ್ತದೆ ಎಂಬುದು ನನ್ನ ವಿಷಯ.

ಮಹಾರಾಷ್ಟ್ರದಲ್ಲಿ ಜಾತಿ ದಾಖಲೆ ಬೇಕಾದವರು ನಿಗದಿಯಾದ ಒಂದು ದಿನಾಂಕಕ್ಕೆ ತಮ್ಮ ಹಿರಿಯರು ಆ ರಾಜ್ಯದ ನೆಲದಲ್ಲಿ ವಾಸವಾಗಿದ್ದರೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿ ಪಂಗಡಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಮೊದಲಿನ ಎರಡು ದಿನಾಂಕಗಳನ್ನು ನೋಡಿ. ಆ ದಿನಗಳಲ್ಲಿ ಮಹಾರಾಷ್ಟ್ರ ಎಂಬ ರಾಜ್ಯವೇ ಇರಲಿಲ್ಲ, ಮಿರಜಕ್ಕೂ ಕಾಗವಾಡಕ್ಕೂ ನಡುವೆ ರಾಜ್ಯಗಳನ್ನು ಬೇರ್ಪಡಿಸುವ ಗಡಿ ಇರಲಿಲ್ಲ. ಅಥಣಿ ಕಡೆಯ ಒಬ್ಬ ಚಮ್ಮಾರ 1953ರಲ್ಲಿ ಮಿರಜಕ್ಕೆ ಬಂದು ನೆಲೆಸಿದನೆಂದುಕೊಳ್ಳಿ. ಅವನು ಒಂದೇ ರಾಜ್ಯದ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಬಂದವನು. ಮೂರು ವರ್ಷದ ನಂತರ ನಡುವೆ ಗೆರೆ ಬಿದ್ದಿತು, ಅವನ ಮೊಮ್ಮಕ್ಕಳು ಪರರಾಜ್ಯದಿಂದ ವಲಸೆ ಬಂದವರ ವಂಶವಾದರು. ತಾತ ದಾಟಿಬಂದ ಗಡಿ, ತಾತ ದಾಟುವಾಗ ಇರಲೇ ಇಲ್ಲ. ಇನ್ನು 1950ಕ್ಕೂ ಮೊದಲೇ ಬಂದವರ ಪಾಡೂ ಸುಲಭವಲ್ಲ. ಅವರ ಕೈಯಲ್ಲಿರುವ ಸಂಸ್ಥಾನದ ಕಾಲದ ಕಾಗದ ಮೋಡಿ ಲಿಪಿಯಲ್ಲಿರುತ್ತದೆ, ಶಾಲೆಯ ದಾಖಲೆ ಕನ್ನಡದಲ್ಲಿರುತ್ತದೆ. ಎರಡನ್ನೂ ಓದಿಸಿ, ಮರಾಠಿಗೆ ತರ್ಜುಮೆ ಮಾಡಿಸಿ, ತರ್ಜುಮೆ ಸರಿಯೆಂದು ಇನ್ನೊಬ್ಬರಿಂದ ಸಹಿ ಹಾಕಿಸಬೇಕು. ಒಂದೊಂದು ಸಹಿಗೂ ಒಂದು ದಿನದ ಕೂಲಿ ಹೋಗುತ್ತದೆ.

ಲಿಪಿಯ ತೊಡಕು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ಮರಾಠಿಯ ಬರವಣಿಗೆಯಲ್ಲಿ ನಮ್ಮ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವಿಲ್ಲ. ಹೆಸರಿನ ಕೊನೆಯ ಅಕಾರ ದೀರ್ಘವಾಗುತ್ತದೆ. ಕನ್ನಡ ಶಾಲೆಯ ಹಾಜರಿಯಲ್ಲಿ ಚೆನ್ನಪ್ಪನಾಗಿದ್ದವನು ಜಮೀನಿನ ಸಾತ್‌ಬಾರಾ ಉತಾರದಲ್ಲಿ ಚನಾಪ್ಪಾ ಆಗುತ್ತಾನೆ, ಆಧಾರ್ ಕಾರ್ಡಿನ ಇಂಗ್ಲಿಷಿನಲ್ಲಿ ಮೂರನೆಯವನಾಗುತ್ತಾನೆ. ಕರ್ನಾಟಕದ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಂಡವನಿಗೆ ಇತ್ತ ಅಡ್ಡಹೆಸರು ಮುಂದೆ, ತಂದೆಯ ಹೆಸರು ಪೂರ್ತಿಯಾಗಿ ಹಿಂದೆ ಬೇಕು. ಊರಿನ ಎಲ್ಲರಿಗೂ ಗೊತ್ತಿರುವ ಒಬ್ಬನೇ ಮನುಷ್ಯ ಕಾಗದದಲ್ಲಿ ಮೂವರಾಗಿ, ಆ ಮೂವರೂ ತಾನೊಬ್ಬನೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ. ಎಲ್ಲ ಗಣಕೀಕರಣವಾದರೆ ಈ ತೊಂದರೆ ಹೋಗುತ್ತದೆಂದು ನಂಬುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ತಲಾಠಿ ಮನುಷ್ಯನ ಮುಖ ನೋಡಿ ಚೆನ್ನಪ್ಪನೂ ಚನಾಪ್ಪಾನೂ ಒಬ್ಬನೇ ಎಂದು ಒಪ್ಪಬಲ್ಲವನಾಗಿದ್ದ. ಯಂತ್ರ ಅಕ್ಷರಕ್ಕೆ ಅಕ್ಷರ ಕೂಡದಿದ್ದರೆ ಬೇರೆಯವನೆಂದೇ ತಿಳಿಯುತ್ತದೆ.

ಕರ್ನಾಟಕವಾದರೂ ಈ ಮನುಷ್ಯನನ್ನು ನಂಬುತ್ತದೆಯೇ? ವೃತ್ತಿಶಿಕ್ಷಣದ ಸೀಟುಗಳಿಗೆ ಗಡಿನಾಡ ಕನ್ನಡಿಗರೆಂಬ ಅರ್ಹತೆಯನ್ನು ನಮ್ಮ ಸರ್ಕಾರ ಇಟ್ಟಿದೆ; ಒಳ್ಳೆಯದು. ಆದರೆ ಅದಕ್ಕೆ ತಾಲೂಕುಗಳ ಪಟ್ಟಿಯಿದೆ. ಮಹಾರಾಷ್ಟ್ರದಿಂದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ; ಕೇರಳದಿಂದ ಕಾಸರಗೋಡು ಸೀಮೆಯ ತಾಲೂಕುಗಳು. ಆ ತಾಲೂಕಿನಲ್ಲೇ ನಿಗದಿತ ವರ್ಷ ಓದಿರಬೇಕು, ಕನ್ನಡದ ಪರೀಕ್ಷೆಯನ್ನೂ ಕೊಡಬೇಕು. ಮಿರಜ ತಾಲೂಕು ಈ ಪಟ್ಟಿಯಲ್ಲಿಲ್ಲ. ಕಾಗವಾಡದಿಂದ ಕೂಗಳತೆಯಲ್ಲಿರುವ ಮ್ಹೈಸಾಳದ ಕನ್ನಡ ಮನೆಯ ಮಗು ಗಡಿನಾಡಿನದಲ್ಲ, ಹೊರನಾಡಿನದು. ಗಡಿಯಿಂದ ಒಳಗಿರುವ ಜತ್ತ ಪಟ್ಟಣದ ಮಗು ಗಡಿನಾಡಿನದು. ಪಟ್ಟಿಯನ್ನು ಮಾಡಿದ್ದು ಮಹಾಜನ ವರದಿಯ ಲೆಕ್ಕದ ಮೇಲೆ, ಮನೆಯಲ್ಲಿ ಆಡುವ ಮಾತಿನ ಲೆಕ್ಕದ ಮೇಲಲ್ಲ. ಅಂದರೆ ನೆಲದ ವ್ಯಾಜ್ಯ ಎಲ್ಲಿದೆಯೋ ಅಲ್ಲಿ ಮಾತ್ರ ಕನ್ನಡಿಗ ಗಡಿಯವನು. ಅತ್ತ ಮಹಾರಾಷ್ಟ್ರದ ವಾಸ ಪ್ರಮಾಣಪತ್ರಕ್ಕೆ ಆ ರಾಜ್ಯದಲ್ಲಿ 15 ವರ್ಷ ನೆಲೆಸಿದ ಪುರಾವೆ ಬೇಕು. ಪಿಯುಸಿಗೆಂದು ಅಥಣಿಗೋ ವಿಜಯಪುರಕ್ಕೋ ಹೋಗಿ ಕಲಿತು ಬಂದವರಿಗೆ ಆ ಎರಡು ವರ್ಷಗಳ ವಿವರಣೆಯನ್ನೂ ಕೊಡುವ ಕಷ್ಟ. ಎರಡೂ ಸರ್ಕಾರಗಳಿಗೆ ಈ ಜನ ಬೇಡವೆಂದೇನಲ್ಲ. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಹಳ್ಳಿಗಳ ಮಾತೆತ್ತಿದಾಗ, ನೀರಿಲ್ಲದ ಆ ಹಳ್ಳಿಗಳು 2012ರಲ್ಲೇ ಕರ್ನಾಟಕಕ್ಕೆ ಸೇರುತ್ತೇವೆಂದು ಮಾಡಿದ್ದ ಠರಾವುಗಳು ಎಲ್ಲರಿಗೂ ನೆನಪಾದವು. ತುಬಚಿ–ಬಬಲೇಶ್ವರ ಯೋಜನೆಯಿಂದ ನೀರು ಹರಿಯಿತು, ಮ್ಹೈಸಾಳ ಯೋಜನೆಯನ್ನು ವಿಸ್ತರಿಸುತ್ತೇವೆಂದು ಮುಂಬಯಿ ಹೇಳಿತು. ಮರುವರ್ಷ ಮಹಾರಾಷ್ಟ್ರ ತನ್ನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಊರುಗಳಿಗೆ ಚಾಚಿತು. ಇಡೀ ಊರನ್ನು ಒಟ್ಟಿಗೆ ತಮ್ಮದೆನ್ನಲು ಎರಡೂ ಕಡೆ ಸಂಶಯವಿಲ್ಲ. ಒಬ್ಬೊಬ್ಬರಾಗಿ ಬಂದು ನಿಂತರೆ ಮಾತ್ರ ಎರಡೂ ಕಡೆ ಪುರಾವೆ ಕೇಳುತ್ತಾರೆ.

ಇಂಥದೇ ಸ್ಥಿತಿ ಇತ್ತೀಚೆಗೆ ಯುರೋಪಿನ ಶ್ರೀಮಂತ ದೇಶಗಳ ನಡುವೆಯೂ ಬಂತು. ಫ್ರಾನ್ಸಿನ ಹಳ್ಳಿಗಳಲ್ಲಿ ಹಳೆಯ ಕಲ್ಲುಮನೆ ಕೊಂಡು ನೆಲೆಸಿದ್ದ ಬ್ರಿಟಿಷರು ಐರೋಪ್ಯ ಒಕ್ಕೂಟದ ಪ್ರಜೆಗಳಾಗಿ ಹೋದವರು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟ ಬಿಟ್ಟಿತು, ಆ ವರ್ಷದ ಕೊನೆಗೆ ಹೊಂದಾಣಿಕೆಯ ಅವಧಿಯೂ ಮುಗಿಯಿತು. ಇದ್ದಲ್ಲೇ ಇದ್ದವರು ವಾಸದ ಪರವಾನಗಿಗೆ ಅರ್ಜಿ ಹಾಕಬೇಕಾಯಿತು, ವರ್ಷದ ಕೆಲವು ತಿಂಗಳು ಮಾತ್ರ ಬಂದು ಹೋಗುತ್ತಿದ್ದವರಿಗೆ 180 ದಿನಗಳಲ್ಲಿ 90 ದಿನದ ಮಿತಿ ಬಿತ್ತು, ವಾಹನ ಓಡಿಸುವ ಲೈಸೆನ್ಸಿನಿಂದ ಹಿಡಿದು ಆಸ್ಪತ್ರೆಯ ಹಕ್ಕಿನವರೆಗೆ ಎಲ್ಲಕ್ಕೂ ಹೊಸ ಕಾಗದ ಬೇಕಾಯಿತು. ಅವರ ಕಷ್ಟ ಸುಳ್ಳಲ್ಲ. ಆದರೆ ಎರಡು ಮಾತು ನೆನಪಿಡಬೇಕು. ಅವರು ತಾವಾಗಿ ಆರಿಸಿಕೊಂಡು ಹೋದವರು. ಜತ್ತ ತಾಲೂಕಿನ ಉಮದಿಯವರು, ಸಂಖದವರು, ಬಿಳೂರಿನವರು ಎಲ್ಲಿಗೂ ಹೋದವರಲ್ಲ. ಎರಡನೆಯದು, ಗೆರೆ ಹೊಸದಾಗಿ ಬೀಳುವ ಮೊದಲು ಅಲ್ಲಿ ನೆಲೆಸಿದ್ದವರ ಹಕ್ಕನ್ನು ಕಾಯಲು ಎರಡೂ ಕಡೆಯವರು ಕೂತು ಒಪ್ಪಂದವೊಂದನ್ನು ಬರೆದರು. 1956ರಲ್ಲಿ ನಮ್ಮಲ್ಲಿ ಗೆರೆ ಎಳೆದಾಗ ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆಯ ವಚನಗಳು ಬಂದವು, ಸಂವಿಧಾನಕ್ಕೆ 350ಎ, 350ಬಿ ವಿಧಿಗಳು ಸೇರಿದವು. ವ್ಯಕ್ತಿಯ ಕೈಯ ಹಳೆಯ ಕಾಗದ ಹೊಸ ರಾಜ್ಯದಲ್ಲಿ ಯಾವ ಬೆಲೆಗೆ ನಡೆಯುತ್ತದೆಂಬ ಚಿಕ್ಕ ಪ್ರಶ್ನೆ, ದಿನನಿತ್ಯದ ಪ್ರಶ್ನೆ, ಆ ವಚನಗಳಲ್ಲಿ ಜಾಗ ಪಡೆಯಲಿಲ್ಲ.

ಈಗ ತರ್ಕಕ್ಕೆ ಮರಳೋಣ. ಕಚೇರಿಯ ನಡೆ ಪರತಃಪ್ರಾಮಾಣ್ಯದ ನಡೆ. ಮನುಷ್ಯನ ಮಾತಿಗೆ ಶಾಲೆಯ ದಾಖಲೆ ಬೇಕು, ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೆ ಪರಿಶೀಲನಾ ಸಮಿತಿಯ ಸಿಂಧುತ್ವ ಪತ್ರ ಬೇಕು. ಮಹಾರಾಷ್ಟ್ರದ ಜಾತಿ ದಾಖಲೆ ಕಾಯ್ದೆಯ 8ನೆಯ ಕಲಮು ಸಾಬೀತುಪಡಿಸುವ ಹೊರೆಯನ್ನು ಅರ್ಜಿದಾರನ ಮೇಲೆಯೇ ಹೊರಿಸಿದೆ. ಒಂದು ಪ್ರಮಾಣಕ್ಕೆ ಇನ್ನೊಂದು ಪ್ರಮಾಣ ಬೇಕೆನ್ನುತ್ತ ಹೋದರೆ ಕೊನೆಯಿಲ್ಲ, ಇದೇ ಅನವಸ್ಥಾದೋಷ. ಮೀಮಾಂಸಕರು ನೈಯಾಯಿಕರ ಮೇಲೆ ಹೊರಿಸಿದ ಮುಖ್ಯ ದೋಷವೂ ಇದೇ. ಮಧ್ವಾಚಾರ್ಯರು ಇದನ್ನು ತಪ್ಪಿಸಲು ಸಾಕ್ಷಿ ಎಂಬ ತತ್ವವನ್ನು ತಂದರು. ಅರಿವನ್ನೂ ಅದರ ಪ್ರಾಮಾಣ್ಯವನ್ನೂ ಒಟ್ಟಿಗೆ ಗ್ರಹಿಸುವ ಒಳಗಿನ ಸಾಕ್ಷಿಯಲ್ಲಿ ಸರಪಳಿ ನಿಲ್ಲುತ್ತದೆ. ಕಚೇರಿಯ ಸರಪಳಿ ನಿಲ್ಲುವುದು ಅರ್ಜಿದಾರನ ಹಣವೋ ತಾಳ್ಮೆಯೋ ಮುಗಿದಲ್ಲಿ. ಅದು ತರ್ಕದ ಕೊನೆಯಲ್ಲ, ಬಡತನ ತಂದ ಕೊನೆ. ಆದರೆ ನನಗೆ ಇನ್ನೂ ಬಲವಾಗಿ ಕಾಣುವ ವಾದ ನೈಯಾಯಿಕರ ಮನೆಯೊಳಗೇ ಇದೆ. ಸಂಶಯಕ್ಕೆ ಕೊನೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರದ ಸಾರ ಇದು: ನಿನ್ನ ನಡತೆಯೇ ನಿನ್ನ ಸಂಶಯಕ್ಕೆ ವಿರುದ್ಧವಾಗಿ ನಿಂತಲ್ಲಿ ನಿನ್ನ ಸಂಶಯ ಮುಗಿಯಿತು. ಬೆಂಕಿಯಿಂದ ಹೊಗೆ ಬರುತ್ತದೋ ಇಲ್ಲವೋ ಎಂದು ಸಂಶಯಪಡುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನಲ್ಲ. ಈ ಮಾತನ್ನು ರಾಜ್ಯಕ್ಕೆ ಹಿಡಿದು ನೋಡಿ. ಚೆನ್ನಪ್ಪನ ಹೊಲದ ಕಂದಾಯವನ್ನು ಅದು ಎರಡು ತಲೆಮಾರು ವಸೂಲಿ ಮಾಡಿದೆ. ಅವನಿಂದ ಮತ ಹಾಕಿಸಿಕೊಂಡಿದೆ, ಜನಗಣತಿಯಲ್ಲಿ ಅವನನ್ನು ಎಣಿಸಿದೆ, ಅವನ ಮಕ್ಕಳಿಗೆ ತನ್ನದೇ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ತನ್ನದೇ ಬಾಲಭಾರತಿ ಅಚ್ಚುಹಾಕಿದ ಕನ್ನಡ ಪುಸ್ತಕದಲ್ಲಿ ಪಾಠ ಹೇಳಿಸಿದೆ. ಕೊಡುವುದೇನಾದರೂ ಇದ್ದಾಗ ಮಾತ್ರ ಇವನು ಇಲ್ಲಿಯವನೋ ಎಂದು ಕೇಳುವುದು ಉದಯನ ಹೇಳಿದ ವ್ಯಾಘಾತ. ತನ್ನ ನಡತೆಯಿಂದ ಒಪ್ಪಿಕೊಂಡದ್ದನ್ನು ರಾಜ್ಯ ತನ್ನ ಬಾಯಿಂದ ಸಂಶಯಿಸುವಂತಿಲ್ಲ.

ಇದಕ್ಕೆ ಬರುವ ಅತ್ಯಂತ ಗಂಭೀರ ಆಕ್ಷೇಪ ವಂಚನೆಯದು. ಸುಳ್ಳು ಜಾತಿ ದಾಖಲೆಗಳ ಹಾವಳಿ ಕಲ್ಪನೆಯಲ್ಲ. 1994ರಲ್ಲಿ ಸುಪ್ರೀಂ ಕೋರ್ಟ್ ಪರಿಶೀಲನಾ ಸಮಿತಿಗಳ ಚೌಕಟ್ಟನ್ನು ಹಾಕಿಕೊಟ್ಟದ್ದು ಮಹಾರಾಷ್ಟ್ರದ ಒಂದು ಸುಳ್ಳು ಪಂಗಡ ದಾಖಲೆಯ ಪ್ರಕರಣದಲ್ಲೇ. ಸುಳ್ಳು ದಾಖಲೆ ತಂದವನು ಕದಿಯುವುದು ಸರ್ಕಾರದ್ದಲ್ಲ, ಮುಟ್ಟಿಸಿಕೊಳ್ಳದೆ ಬದುಕಿದವರ, ಅಡವಿಯಲ್ಲಿ ಬದುಕಿದವರ ಮಕ್ಕಳ ಸೀಟನ್ನು. ಬಾಯಿಮಾತನ್ನು ನಂಬಿದರೆ ಮೊದಲು ನಷ್ಟವಾಗುವುದು ಅವರಿಗೇ. ಈ ಆಕ್ಷೇಪವನ್ನು ಹಗುರವಾಗಿ ಕಾಣುವವರೊಂದಿಗೆ ನಾನಿಲ್ಲ. ಜತ್ತ ತಾಲೂಕಿನ ಗುಡ್ಡಾಪುರಕ್ಕೆ ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದ ಜಿಲ್ಲೆಗಳಿಂದ ನಡೆದುಕೊಂಡು ಹೋಗುವ ಭಕ್ತರನ್ನು ದಾನಮ್ಮನ ದಾಸೋಹದಲ್ಲಿ ಯಾರೂ ಊರು ಕೇಳುವುದಿಲ್ಲ. ಆದರೆ ದಾಸೋಹದ ನೀತಿಯನ್ನು ಹಾಗೆಯೇ ಎತ್ತಿ ಮೀಸಲಾತಿಗೆ ಇಡಲು ಬರುವುದಿಲ್ಲ. ಅನ್ನದ ಪಂಕ್ತಿ ಉದ್ದವಾಗಬಹುದು, ಸೀಟುಗಳ ಪಂಕ್ತಿ ಆಗದು. ಹೀಗಿದ್ದೂ ಸ್ವತಃಪ್ರಾಮಾಣ್ಯದ ದಾರಿ ಮುಚ್ಚುವುದಿಲ್ಲ, ಏಕೆಂದರೆ ಅದು ಪರೀಕ್ಷೆಯೇ ಬೇಡವೆನ್ನುವ ಸಿದ್ಧಾಂತವಲ್ಲ. ಸಂಶಯಕ್ಕೂ ಕಾರಣ ಬೇಕು, ಕಾರಣವಿದ್ದರೆ ಪೂರ್ತಿ ಪರೀಕ್ಷಿಸು ಎನ್ನುವ ಸಿದ್ಧಾಂತ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪಂಗಡ ದಾಖಲೆಗಳ ವಿಷಯದಲ್ಲಿ ಇದೇ ದಿಕ್ಕಿನಲ್ಲಿ ಹೇಳಿತು: ಸಂವಿಧಾನಕ್ಕೂ ಹಿಂದಿನ ಹಳೆಯ ದಾಖಲೆಗಳಿಗೆ ಹೆಚ್ಚಿನ ಬೆಲೆಯಿದೆ, ದಾಖಲೆ ನೋಡಿ ಸಮಾಧಾನವಾಗದಿದ್ದಾಗ ಮಾತ್ರ ಕಾರಣ ಬರೆದು ಜಾಗೃತ ದಳದ ವಿಚಾರಣೆಗೆ ಕಳಿಸಬೇಕು, ಪ್ರತಿಯೊಂದನ್ನೂ ಯಾಂತ್ರಿಕವಾಗಿ ಕಳಿಸಬಾರದು. ಕಾರಣ ಬರೆಯುವ ಹೊಣೆ ಬಂದ ಕೂಡಲೇ ಅಧಿಕಾರಿಯ ಸಂಶಯ ಒಂದು ವಾದವಾಗುತ್ತದೆ, ಅರ್ಜಿದಾರ ಅದಕ್ಕೆ ಉತ್ತರ ಕೊಡಬಹುದು. ಕಾರಣವಿಲ್ಲದ ಸಂಶಯಕ್ಕೆ ಉತ್ತರವೇ ಇಲ್ಲ. ಇನ್ನೂ ಒಂದು ಮಾತು: ವಂಚಕನ ಕಾಗದಗಳು ಸಾಮಾನ್ಯವಾಗಿ ಅಚ್ಚುಕಟ್ಟಾಗಿರುತ್ತವೆ, ಅದಕ್ಕೆಂದೇ ಮಾಡಿಸಿದವಲ್ಲವೇ. ಮೂರು ಲಿಪಿಯಲ್ಲಿ ಮೂರು ಹೆಸರಾದವನು ನಿಜವಾಗಿ ಬದುಕಿದವನು. ಕಾಗದ ಕಾಗದಕ್ಕೆ ಕೂಡುವುದನ್ನೇ ಕೊನೆಯ ಅಳತೆ ಮಾಡಿಕೊಂಡ ವ್ಯವಸ್ಥೆ ಮೊದಲನೆಯವನನ್ನು ಬಿಟ್ಟು ಎರಡನೆಯವನನ್ನು ಹಿಡಿಯುತ್ತದೆ.

ಮಹಾರಾಷ್ಟ್ರದಲ್ಲಿದ್ದ ಮೇಲೆ ಮರಾಠಿ ಕಲಿತು ಆ ರಾಜ್ಯದವರಾಗಿ ಬದುಕಲಿ, ಈ ತಕರಾರೇಕೆ ಎಂಬ ಮಾತೂ ಕೇಳಿಬರುತ್ತದೆ. ಅವರು ಬದುಕುತ್ತಿರುವುದೇ ಹಾಗೆ. ಸಾಂಗಲಿಯ ಅರಿಸಿನ ಪೇಟೆಯಲ್ಲಿ, ಮಿರಜದ ಆಸ್ಪತ್ರೆಗಳಲ್ಲಿ ಎರಡೂ ಭಾಷೆ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಜತ್ತದ ಕನ್ನಡ ಶಾಲೆಯ ಮಗು ಮರಾಠಿಯನ್ನೂ ಓದಿಯೇ ಮುಂದೆ ಹೋಗುತ್ತದೆ. ಪ್ರಶ್ನೆ ಆಡಳಿತದ ಭಾಷೆಯನ್ನು ಒಪ್ಪುವುದರದ್ದಲ್ಲ, ಆಡಳಿತ ತನ್ನದೇ ಶಾಲೆಯ ಕನ್ನಡ ದಾಖಲೆಯನ್ನು ತಾನೇ ಓದಬೇಕು ಎಂಬುದರದ್ದು. 1956ರ ರಕ್ಷಣೆಗಳ ಪ್ರಕಾರ ಒಂದು ಜಿಲ್ಲೆ ಅಥವಾ ತಾಲೂಕಿನಂಥ ಕಡೆ ಶೇಕಡಾ 15ಕ್ಕಿಂತ ಕಡಿಮೆಯಿಲ್ಲದ ಜನ ಒಂದು ಭಾಷೆಯವರಾಗಿದ್ದರೆ ಮುಖ್ಯ ಸೂಚನೆ, ನಿಯಮಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು. ಸಂವಿಧಾನದ 350ನೆಯ ವಿಧಿ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಕೊಟ್ಟಿದೆ. ಇದನ್ನು ಬರೆಯುವಾಗ ಖಾನಾಪುರದ, ಬೆಳಗಾವಿಯ, ನಿಪ್ಪಾಣಿಯ ಮರಾಠಿ ಮನೆಗಳು ನನ್ನ ಕಣ್ಣ ಮುಂದಿವೆ. ಜತ್ತದ ಚೆನ್ನಪ್ಪನಿಗೆ ಕೇಳಿದ್ದನ್ನು ಖಾನಾಪುರದ ಮರಾಠಿ ರೈತನಿಗೆ ಕೊಡಲು ನಾವು ಹಿಂಜರಿದರೆ ಈ ವಾದವನ್ನು ಮಾಡುವ ಹಕ್ಕೇ ನಮಗಿಲ್ಲ. ಅಲ್ಲಿನ ಉತಾರ ಕನ್ನಡದಲ್ಲಿ ಮಾತ್ರ ಸಿಗುವುದರ ಬಗ್ಗೆ ಅವರು ಹೇಳುವ ದೂರು, ಜತ್ತದ ಕನ್ನಡಿಗರು ಸಾತ್‌ಬಾರಾದ ಬಗ್ಗೆ ಹೇಳುವ ದೂರೇ. ನೆಲದ ವ್ಯಾಜ್ಯದಲ್ಲಿ ಯಾರ ಪಕ್ಷ ಹಿಡಿದರೂ ಈ ಒಂದು ವಿಷಯದಲ್ಲಿ ಪಕ್ಷವಿಲ್ಲ.

ಮಾಡಬೇಕಾದ ಕೆಲವು ಕೆಲಸಗಳಿಗೆ ಸುಪ್ರೀಂ ಕೋರ್ಟಿನ ತೀರ್ಪಿಗೆ ಕಾಯಬೇಕಿಲ್ಲ. 1956ಕ್ಕೂ ಮೊದಲು ಹಳೆಯ ಮುಂಬಯಿ ರಾಜ್ಯದೊಳಗೇ ಓಡಾಡಿದ ಕುಟುಂಬಗಳನ್ನು ವಲಸಿಗರೆಂದು ಕರೆಯುವುದನ್ನು ಎರಡೂ ಸರ್ಕಾರಗಳು ನಿಲ್ಲಿಸಬಹುದು. ಗಡಿ ತಾಲೂಕುಗಳ ಕಚೇರಿಯಲ್ಲಿ ಎರಡೂ ಭಾಷೆ ಓದಬಲ್ಲ ಒಬ್ಬ ಗುಮಾಸ್ತನಿದ್ದರೆ ತರ್ಜುಮೆಯ ಖರ್ಚು ಅರ್ಜಿದಾರನ ತಲೆಗೆ ಬರುವುದಿಲ್ಲ. ಕರ್ನಾಟಕ ತನ್ನ ಗಡಿನಾಡಿನ ಪಟ್ಟಿಗೆ ಮಿರಜ ತಾಲೂಕನ್ನು ಸೇರಿಸುವುದಕ್ಕೆ ಮುಂಬಯಿಯನ್ನೋ ದಿಲ್ಲಿಯನ್ನೋ ಕೇಳಬೇಕಾಗಿಲ್ಲ. ಆದರೆ ನನ್ನ ವಾದ ಮುಟ್ಟಲಾರದ ಒಂದು ಜಾಗವೂ ಇದೆ. ಅಥಣಿಯ ದಲಿತ ಹುಡುಗಿಯೊಬ್ಬಳು ಮದುವೆಯಾಗಿ ಮಿರಜಕ್ಕೆ ಬರುತ್ತಾಳೆ; ಈ ಸೀಮೆಯಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧಗಳು ಗೆರೆಯನ್ನು ಎಂದೂ ಲೆಕ್ಕಿಸಿದ್ದಿಲ್ಲ. ಹೊಲೆಯ ಎಂಬ ಹೆಸರು ಎರಡೂ ರಾಜ್ಯಗಳ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಅವಳ ಕಾಗದ ಸರಿಯಿದೆ, ಅವಳ ಮಾತನ್ನು ಯಾರೂ ಸಂಶಯಿಸುವುದಿಲ್ಲ. ಆದರೂ ಗಂಡನ ಊರಿನಲ್ಲಿ ರಾಜ್ಯದ ನೌಕರಿಗೆ ಅವಳಿಗೆ ಮೀಸಲಾತಿಯಿಲ್ಲ. ಸಂವಿಧಾನದ 341ನೆಯ ವಿಧಿ ಜಾತಿಗಳನ್ನು ಒಂದೊಂದು ರಾಜ್ಯಕ್ಕೆ ಸಂಬಂಧಿಸಿ ಹೆಸರಿಸಬೇಕೆನ್ನುತ್ತದೆ, ಸುಪ್ರೀಂ ಕೋರ್ಟ್ 1990ರಿಂದ ಈಚೆಗೆ ಅದನ್ನು ಹಾಗೆಯೇ ಓದುತ್ತ ಬಂದಿದೆ. ಅವಳನ್ನು ತಡೆದಿರುವುದು ಅಪನಂಬಿಕೆಯಲ್ಲ, ಆದ್ದರಿಂದ ನಂಬಿಕೆಯನ್ನು ಕೇಳಿ ಅವಳಿಗೆ ದಾರಿ ಮಾಡಿಕೊಡಲು ಬರುವುದಿಲ್ಲ. ಅಥಣಿಯಲ್ಲಿ ಅವಳನ್ನು ದೂರ ನಿಲ್ಲಿಸಿದ ಅದೇ ಹೆಸರು ಮಿರಜದಲ್ಲೂ ದೂರ ನಿಲ್ಲಿಸುತ್ತದೆ. ಹೆಸರಿನ ಭಾರ ಗಡಿ ದಾಟಿ ಬಂದಿದೆ, ಅದಕ್ಕೆ ಸಿಕ್ಕಬೇಕಾದ ಪರಿಹಾರ ಮಾತ್ರ ಕಾಗವಾಡದಲ್ಲಿ ಉಳಿದಿದೆ. ಇದನ್ನು ಸರಿಪಡಿಸಲು ಸಂಸತ್ತೇ ಮನಸ್ಸು ಮಾಡಬೇಕು, ಗಡಿಯ ಎರಡೂ ಕಡೆಯಿಂದ ಅಲ್ಲಿಗೆ ಹೋಗುವ ಸಂಸದರು ನೆಲದ ಮಾತಿನ ಜೊತೆಗೆ ಇವಳ ಮಾತನ್ನೂ ಎತ್ತಬೇಕು.